ಕೆರೆಯ ಅಂಚೂ ಒಂದು ಅಮಾನತ್
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಆಕಾಶದಿಂದ ಮಳೆ ಸುರಿಸಿ, ಒಣಗಿ ಸತ್ತ ಭೂಮಿಗೆ ಮತ್ತೆ ಜೀವ ಕೊಡುವವನು ಅವನೇ. ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಮತ್ತು ಸಹಾಬಿಗಳ ಮೇಲೂ ಅವನ ಕೃಪೆ, ಶಾಂತಿ ಇರಲಿ.



ಇಂದು ಮಿಂಬರಿನ ಮೇಲೆ ನಿಂತು ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 6 ವರ್ಷಗಳ ಹಿಂದೆ, ಈದುಲ್ ಫಿತ್ರ್‌ಗೆ ಒಂದು ವಾರ ಇರುವಾಗ, ನಾನು ಇದೇ ಜಾಗದಲ್ಲಿ ನಿಂತು ನಮ್ಮ ಯುವಕರಿಗೆ ಒಂದು ಕೆಲಸ ಹೇಳಿದ್ದೆ. ಈದ್ಗಾ ಮೈದಾನದ ಹಿಂಬದಿ ಕೆರೆಯ ಅಂಚಿನಲ್ಲಿ ಜೊಂಡು, ಲಕ್ಕಿ ಗಿಡ, ಹುಲ್ಲು ಎಲ್ಲ ಆಳೆತ್ತರ ಬೆಳೆದಿವೆ, ನೋಡಲು ಚೆನ್ನಾಗಿಲ್ಲ, ಹಾವು ಹರಿದಾಡುತ್ತವೆ, ಎಲ್ಲವನ್ನೂ ಬೇರು ಸಮೇತ ಕಿತ್ತು ಸ್ವಚ್ಛ ಮಾಡಿ ಎಂದಿದ್ದೆ. ಹುಡುಗರು ರೋಝಾ ಇಟ್ಟುಕೊಂಡೇ 3 ದಿನ ದುಡಿದರು. ಈದ್ ದಿನ ಮೈದಾನದಿಂದ ನೀರು ನೇರವಾಗಿ ಕಾಣುತ್ತಿತ್ತು. ಎಲ್ಲರೂ ಮೆಚ್ಚಿದರು. ನಾನೂ ಖುತ್ಬಾದಲ್ಲಿ ಅವರನ್ನು ಹೊಗಳಿದೆ.

ಆ ದಿನ ಮೀನು ಹಿಡಿಯುವ ಒಬ್ಬ ಹಿರಿಯರು ದಾರಿಯಲ್ಲಿ ಸಿಕ್ಕಿ, "ಸಾಬ್ರೇ, ಮೀನಿನ ತೊಟ್ಟಿಲನ್ನೇ ಕಿತ್ತು ಹಾಕಿಸಿದ್ರಲ್ಲ" ಎಂದರು. ನಾನು ನಕ್ಕು ಮುಂದೆ ಹೋದೆ. ಅಲ್ಲಿಂದಲೇ ಸೊಪ್ಪು ಕಿತ್ತು ತರುತ್ತಿದ್ದ ನಮ್ಮ ಮೊಹಲ್ಲಾದ ಒಬ್ಬ ಖಾಲಾ ಬಾಗಿಲಲ್ಲಿ ನಿಂತು, "ಹಜರತ್, ಇನ್ನು ಹೊನಗೊನ್ನೆ ಸೊಪ್ಪಿಗೆ ಎಲ್ಲಿಗೆ ಹೋಗಲಿ?" ಎಂದು ಕೇಳಿದರು. ಅದಕ್ಕೂ ನನ್ನ ಬಳಿ ಉತ್ತರವಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅಂಚಿನ ಮಣ್ಣು ಜಾರಿತು. ಅದರ ಮುಂದಿನ ವರ್ಷ ಇನ್ನಷ್ಟು ಜಾರಿತು. ಇಂದು ಈದ್ಗಾದ ಹಿಂಬದಿಯಲ್ಲಿ ಒಂಬತ್ತು ಹತ್ತು ಅಡಿ ಜಾಗ ಕೆರೆಯ ಪಾಲಾಗಿದೆ. ಪಕ್ಕದ ಗೋಡೆ ಬಿರುಕು ಬಿಟ್ಟಿದೆ. ಅದಕ್ಕಾಗಿ ಉದ್ದಕ್ಕೂ ಕಲ್ಲಿನ ತಡೆಗೋಡೆ ಕಟ್ಟಿಸುವ ಪ್ರಸ್ತಾಪ ಜಮಾಅತ್ ಮುಂದಿದೆ. ನಮ್ಮ ಒಬ್ಬ ಸಹೋದರರು ತಮ್ಮ ಮರ್ಹೂಮ್ ತಂದೆಯ ಹೆಸರಿನಲ್ಲಿ ದೊಡ್ಡ ಮೊತ್ತ ಕೊಡಲು ಮುಂದೆ ಬಂದಿದ್ದಾರೆ. ಅಲ್ಲಾಹನು ಅವರ ನಿಯ್ಯತ್ತನ್ನು ಸ್ವೀಕರಿಸಲಿ. ಭಾನುವಾರ ಸಭೆ ಇದೆ. ಅಲ್ಲಿ ತೀರ್ಮಾನ ಮಾಡುವ ಮೊದಲು ದೀನ್ ಏನು ಹೇಳುತ್ತದೆ, ಕೆರೆಯ ವಿಷಯ ತಿಳಿದವರು ಏನು ಹೇಳುತ್ತಾರೆ ಎಂಬುದನ್ನು ನಿಮ್ಮ ಮುಂದಿಡುವುದು ನನ್ನ ಕರ್ತವ್ಯ. ಹಾಳು ಮಾಡಲು ಹೇಳಿದ ನಾಲಿಗೆಯೇ ಸರಿಪಡಿಸಲೂ ಹೇಳಬೇಕಲ್ಲವೇ?

ನೀರು ಮತ್ತು ಹುಲ್ಲು: ಎಲ್ಲರ ಪಾಲು

ಸಹೋದರರೇ, ಸೂರಃ ಅಲ್ ಮುಲ್ಕ್ ಅನ್ನು ನಮ್ಮಲ್ಲಿ ಅನೇಕರು ರಾತ್ರಿ ಮಲಗುವ ಮುಂಚೆ ಓದುತ್ತಾರೆ. ಅದು ಒಂದು ಪ್ರಶ್ನೆಯೊಂದಿಗೆ ಮುಗಿಯುತ್ತದೆ. ನಿಮ್ಮ ನೀರು ನೆಲದ ಆಳಕ್ಕೆ ಇಳಿದು ಹೋದರೆ ಹರಿಯುವ ನೀರನ್ನು ನಿಮಗೆ ತಂದುಕೊಡುವವರು ಯಾರು ಎಂದು ಅಲ್ಲಾಹನು ಕೇಳುತ್ತಾನೆ. ಬೋರ್‌ವೆಲ್ ಕೊರೆಸಿ ಕೊರೆಸಿ ಸೋತಿರುವ ನಮ್ಮ ರೈತರಿಗೆ ಈ ವಚನದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸೂರಃ ಅಲ್ ಅಅ್‌ರಾಫ್‌ನ 56ನೇ ವಚನದಲ್ಲಿ, ಭೂಮಿಯನ್ನು ಸರಿಪಡಿಸಿಟ್ಟ ಮೇಲೆ ಅದರಲ್ಲಿ ಕೆಡುಕು ಮಾಡಬೇಡಿ ಎಂಬ ಆಜ್ಞೆಯಿದೆ. ಅಂದರೆ ಅಲ್ಲಾಹನು ಭೂಮಿಯನ್ನು ಒಂದು ವ್ಯವಸ್ಥೆಯೊಂದಿಗೆ ನಮ್ಮ ಕೈಗೆ ಕೊಟ್ಟಿದ್ದಾನೆ. ಆ ವ್ಯವಸ್ಥೆಯನ್ನು ತಿಳಿಯದೆ ಕೈ ಹಾಕುವುದು ಕೂಡ ಫಸಾದ್ ಆಗಬಹುದು. ನಾನು ಸ್ವಚ್ಛತೆ ಎಂದುಕೊಂಡು ಮಾಡಿಸಿದ್ದು ಅದನ್ನೇ.

ನೀರು, ಹುಲ್ಲು ಮತ್ತು ಬೆಂಕಿ, ಈ ಮೂರರಲ್ಲಿ ಎಲ್ಲರೂ ಪಾಲುದಾರರು ಎಂದು ಪ್ರವಾದಿ(ಸ) ತಿಳಿಸಿದ ಹದೀಸ್ ಅಬೂದಾವೂದ್‌ನಲ್ಲಿದೆ. ಕೆರೆಯ ಅಂಚಿನಲ್ಲಿ ಈ ಮೂರರಲ್ಲಿ ಎರಡು ಒಟ್ಟಿಗೇ ಇವೆ, ನೀರು ಮತ್ತು ಹುಲ್ಲು. ಅದು ಈದ್ಗಾ ಕಮಿಟಿಯ ಸ್ವತ್ತಲ್ಲ, ಪಂಚಾಯಿತಿಯವರ ಮನೆಯ ಸ್ವತ್ತೂ ಅಲ್ಲ. ಸೊಪ್ಪು ಕೀಳುವ ಖಾಲಾಗೆ, ಮೀನು ಹಿಡಿಯುವ ಹಿರಿಯರಿಗೆ, ದನ ಮೇಯಿಸುವ ಹುಡುಗನಿಗೆ ಅದರಲ್ಲಿ ಪಾಲಿದೆ. ಹಕ್ಕಿಗಳಿಗೂ ಪಾಲಿದೆ. ನೆಲದ ಮೇಲೆ ನಡೆಯುವ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂದು ಸೂರಃ ಅಲ್ ಅನ್‌ಆಮ್‌ನ 38ನೇ ವಚನ ನಮಗೆ ಕಲಿಸುತ್ತದೆ. ಒಂದು ಸಮುದಾಯದ ಮನೆಗಳನ್ನು ಕೀಳುವಾಗ ಒಮ್ಮೆ ಯೋಚಿಸಬೇಕಿತ್ತು.

ನಮ್ಮ ಫಿಕ್ಹ್‌ನಲ್ಲಿ 'ಹರೀಮ್' ಎಂಬ ಅಧ್ಯಾಯವಿದೆ. ಬಾವಿ, ಚಿಲುಮೆ, ನದಿಗಳ ಸುತ್ತ ಯಾರೂ ಅತಿಕ್ರಮಿಸಬಾರದ ರಕ್ಷಿತ ಜಾಗಕ್ಕೆ ಹರೀಮ್ ಎನ್ನುತ್ತಾರೆ. ಹನಫೀ ಫಿಕ್ಹ್‌ನ ಪ್ರಸಿದ್ಧ ಗ್ರಂಥ ಹಿದಾಯಾದಲ್ಲಿ ಬೀಳು ಭೂಮಿಯಲ್ಲಿ ತೋಡಿದ ಬಾವಿಗೆ 40 ಮೊಳ, ಚಿಲುಮೆಗೆ 500 ಮೊಳ ಹರೀಮ್ ಹೇಳಲಾಗಿದೆ. ಅಂದರೆ ನೀರು ಬೇರೆ, ಅದರ ಅಂಚು ಬೇರೆ ಎಂದು ನಮ್ಮ ಹಿಂದಿನ ವಿದ್ವಾಂಸರು ನೋಡಲಿಲ್ಲ. ನೀರು ಉಳಿಯಬೇಕಾದರೆ ಅದರ ಅಂಚೂ ಉಳಿಯಬೇಕು ಎಂದು ತಿಳಿದಿದ್ದರು. ಪ್ರವಾದಿ(ಸ) ಮದೀನಾವನ್ನು ಹರಮ್ ಎಂದು ಘೋಷಿಸಿ ಅಲ್ಲಿನ ಮರ ಕಡಿಯಬಾರದು, ಬೇಟೆಯಾಡಬಾರದು ಎಂದರು. ನಕೀಅ್ ಎಂಬ ಹುಲ್ಲುಗಾವಲನ್ನು 'ಹಿಮಾ' ಮಾಡಿ ಕಾಪಾಡಿಸಿದರು. ಇದು ನಮ್ಮ ಪರಂಪರೆ. ಪರಿಸರದ ಮಾತು ನಿನ್ನೆ ಮೊನ್ನೆ ಹೊರಗಿನಿಂದ ಬಂದದ್ದು ಎಂದು ಯಾರೂ ಭಾವಿಸಬೇಡಿ.

ಅಂಚಿನ ಗಿಡಗಳು ಮಾಡುವ ಕೆಲಸ

ಈಗ ಕೆರೆಯ ಕಡೆಗೆ ಬರೋಣ. ನಮ್ಮ ನಾಡಿನ ಕೆರೆಗೆ ಒಂದು ಕಡೆ ಏರಿ ಇರುತ್ತದೆ. ಅದರಲ್ಲಿ ತೂಬು ಇದೆ, ಪಕ್ಕದಲ್ಲಿ ಕೋಡಿ ಇದೆ. ಏರಿಯ ಒಳಮೈಗೆ ಕಲ್ಲು ಜೋಡಿಸಿರುತ್ತಾರೆ. ಅದು ಬೇಕೇ ಬೇಕು. ಉಳಿದ ಕಡೆಗಳಲ್ಲಿ ಮಾತ್ರ ನೆಲ ನಿಧಾನವಾಗಿ ಇಳಿಜಾರಾಗಿ ನೀರಿನೊಳಗೆ ಹೋಗುತ್ತದೆ. ಮಳೆಗಾಲದಲ್ಲಿ ಅಲ್ಲಿ ನೀರು, ಬೇಸಿಗೆಯಲ್ಲಿ ಹಸಿ ಮಣ್ಣು. ಈ ಆಳವಿಲ್ಲದ ಅಂಚೇ ಕೆರೆಯ ಜೀವ.

ಅಲ್ಲಿ ಬೆಳೆಯುವ ಜೊಂಡು, ಲಾವಂಚ, ಗರಿಕೆಗಳ ಬೇರು ಮಣ್ಣನ್ನು ಹಿಡಿದಿಡುತ್ತವೆ. ಗಾಳಿಗೆ ಎದ್ದ ಅಲೆ ಕಾಂಡಗಳ ನಡುವೆ ಬಂದು ಸುಸ್ತಾಗುತ್ತದೆ. ಹೊಲಗಳಿಂದ ಹರಿದು ಬರುವ ಮಳೆನೀರು ಅಲ್ಲಿ ನಿಧಾನವಾಗಿ, ಹೂಳನ್ನು ಅಂಚಿನಲ್ಲೇ ಬಿಟ್ಟು ಒಳಗೆ ಹೋಗುತ್ತದೆ. ಗೊಬ್ಬರದ ಸಾರಜನಕ, ರಂಜಕವನ್ನು ಗಿಡಗಳು ಹೀರುತ್ತವೆ. ಕಾಂಡಕ್ಕೆ, ಬೇರಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ಕರಗಿಸುತ್ತವೆ. ಮೀನುಗಳು ಮೊಟ್ಟೆಯಿಡುವುದು, ಮರಿಗಳು ದೊಡ್ಡ ಮೀನಿನಿಂದ ತಪ್ಪಿಸಿಕೊಳ್ಳುವುದು ಅಲ್ಲೇ. ಆ ಹಿರಿಯರು ತೊಟ್ಟಿಲು ಎಂದದ್ದು ಸುಮ್ಮನೆ ಅಲ್ಲ. ಸೊಳ್ಳೆ ಮರಿಗಳನ್ನು ತಿನ್ನುವ ಸಣ್ಣ ಮೀನು, ಏರೋಪ್ಲೇನ್ ಚಿಟ್ಟೆಯ ಮರಿ ಬದುಕುವುದೂ ಅಲ್ಲೇ. ನಾಮದ ಕೋಳಿ ಗೂಡು ಕಟ್ಟುವುದೂ ಅಲ್ಲೇ.

ಈ ಅಂಚನ್ನು ಕಿತ್ತು ನೆಟ್ಟಗೆ ಗೋಡೆ ಎಬ್ಬಿಸಿದರೆ ಏನಾಗುತ್ತದೆ? ಅಲೆ ಗೋಡೆಗೆ ಬಡಿದು ಕೆಳಗಿಳಿದು ಅದರ ಬುಡದ ಮಣ್ಣನ್ನು ಕೊರೆಯುತ್ತದೆ. ಕೆಲವು ವರ್ಷದಲ್ಲಿ ಗೋಡೆಯೇ ವಾಲಬಹುದು. ಇನ್ನೊಂದು ಅಪಾಯ, ಗೋಡೆ ಮುಗಿಯುವ ಜಾಗದಲ್ಲಿ ಪಕ್ಕದ ಮಣ್ಣು ಕೊಚ್ಚಿಹೋಗುತ್ತದೆ. ನಮ್ಮ ಈದ್ಗಾದ ಪಕ್ಕದಲ್ಲಿ ಇರುವುದು ಒಬ್ಬ ಬಡ ರೈತನ ಅರ್ಧ ಎಕರೆ ಗದ್ದೆ. ನಮ್ಮ ಜಾಗ ಉಳಿಸಿಕೊಂಡು ನೆರೆಯವನ ಹೊಲವನ್ನು ನೀರಿಗೆ ಕೊಡುವುದು ಸರಿಯೇ? ತಾನೂ ಹಾನಿಗೊಳಗಾಗಬಾರದು, ಬೇರೆಯವರಿಗೂ ಹಾನಿ ಮಾಡಬಾರದು ಎಂಬುದು ಪ್ರವಾದಿ(ಸ) ಕೊಟ್ಟ ನಿಯಮ. ಆ ರೈತ ನಮ್ಮ ಮಸೀದಿಗೆ ಬರುವವನಲ್ಲ ಎಂಬ ಕಾರಣಕ್ಕೆ ಅವನ ನೆರೆಯ ಹಕ್ಕು ಕಡಿಮೆಯಾಗುವುದಿಲ್ಲ.

ಬುಖಾರಿಯಲ್ಲಿ ಬರುವ ಹಡಗಿನ ಉದಾಹರಣೆ ನಿಮಗೆ ಗೊತ್ತು. ಮೇಲಿನ ಅಂತಸ್ತಿನಲ್ಲಿ ಕೆಲವರು, ಕೆಳಗೆ ಕೆಲವರು. ಕೆಳಗಿನವರು ನೀರಿಗಾಗಿ ಪದೇ ಪದೇ ಮೇಲಕ್ಕೆ ಹೋಗುವ ಬದಲು ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯೋಣ ಎನ್ನುತ್ತಾರೆ. ಅವರನ್ನು ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಕೆರೆಯೂ ಅಂಥದ್ದೇ ಒಂದು ಹಡಗು. ನಮ್ಮ ಪಾಲಿನ ಅಂಚು ಎಂದುಕೊಂಡು ನಾವು ಕೊರೆದ ತೂತಿನ ಪರಿಣಾಮ ಊರಿಗೆಲ್ಲ ತಟ್ಟುತ್ತದೆ.

ಕಣ್ಣೆದುರಿನ ಉದಾಹರಣೆಗಳು

ಹಡಗು ಮುಳುಗುವುದನ್ನು ನಾವು ಕಂಡಿದ್ದೇವೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಬಂತು, 2017ರಲ್ಲಿ ಕೆರೆಯಲ್ಲೇ ಬೆಂಕಿ ಹೊತ್ತಿಕೊಂಡಿತು. ಕೊಳಚೆ ಸೇರಿದ್ದೇ ಅಲ್ಲಿನ ದೊಡ್ಡ ಕಾರಣ.

ಒಳ್ಳೆಯ ಉದಾಹರಣೆಗಳೂ ಇವೆ. ಬೆಂಗಳೂರಿನದೇ ಜಕ್ಕೂರು ಕೆರೆಗೆ ಸಂಸ್ಕರಣಾ ಘಟಕದಿಂದ ಬರುವ ನೀರು ನೇರವಾಗಿ ಸೇರುವುದಿಲ್ಲ. ಮೊದಲು ಜೊಂಡು ಮುಂತಾದ ಗಿಡಗಳು ಬೆಳೆದ ಜೌಗು ಜಾಗದ ಮೂಲಕ ಹಾದು ಬರುತ್ತದೆ. ಘಟಕದಲ್ಲಿ ಉಳಿದುಹೋದ ಸಾರಜನಕ, ರಂಜಕದ ಒಂದು ಭಾಗವನ್ನು ಆ ಗಿಡಗಳು ಕಡಿಮೆ ಮಾಡುತ್ತವೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ ಹೇಳಿದ್ದಾರೆ.

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಒಂದು ಸಾಮಾನ್ಯ ಹಳ್ಳಿಯ ಕೆರೆ. ನೀರಾವರಿಗೆಂದು ಹಿಂದಿನವರು ಕಟ್ಟಿದ್ದು. ಅದರೊಳಗಿನ ಕರಿಜಾಲಿ ಮರಗಳನ್ನು ಉಳಿಸಿಕೊಂಡದ್ದರಿಂದ ಇಂದು ಸಾವಿರಾರು ನೀರುಹಕ್ಕಿಗಳಿಗೆ ಅದು ಆಸರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಬರುತ್ತವೆ. 2024ರಲ್ಲಿ ಈ ಎರಡೂ ಕೆರೆಗಳು ಅಂತಾರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಪಟ್ಟಿಗೆ ಸೇರಿದವು. ಎರಡೂ ಮನುಷ್ಯರು ಕಟ್ಟಿದ ಕೆರೆಗಳೇ. ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದವರು ಕಟ್ಟಿಸಿದ ಬೇಗಂ ತಲಾಬ್ ಕೂಡ ಹಾಗೆಯೇ ಜನರಿಗಾಗಿ ಕಟ್ಟಿದ್ದು. ಕಟ್ಟಿದವರು ಹೋದರು, ನೀರು ಉಳಿಯಿತು. ಸದಖಾ ಜಾರಿಯಾ ಎಂದರೆ ಇದೇ ಅಲ್ಲವೇ?

ನಾವೇನು ಮಾಡಬಹುದು?

ಕೃಷಿ ಓದಿದ ನಮ್ಮ ಊರಿನ ಒಬ್ಬ ಯುವಕ, ಆ ಮೀನುಗಾರ ಹಿರಿಯರು ಮತ್ತು ನಾನು ಕಳೆದ ತಿಂಗಳು ಅಂಚಿನುದ್ದಕ್ಕೂ ನಡೆದು ನೋಡಿದೆವು. ಅವರಿಂದ ನಾನು ಕಲಿತದ್ದನ್ನು ಸಭೆಯ ಮುಂದಿಡುತ್ತೇನೆ.

ಮೊದಲು ಒಬ್ಬ ಇಂಜಿನಿಯರ್ ಬಿರುಕು ಬಿಟ್ಟ ಗೋಡೆಯನ್ನು ನೋಡಲಿ. ಗೋಡೆಯ ಬುಡಕ್ಕೆ ಕಲ್ಲು ಬೇಕು ಎಂದರೆ ಆ ಕೆಲವು ಅಡಿ ಕಲ್ಲು ಹಾಕಿಸೋಣ. ಉಳಿದ ಉದ್ದಕ್ಕೆ ಗೋಡೆ ಬೇಡ. ಜಾರಿ ನೆಟ್ಟಗಾಗಿರುವ ದಡವನ್ನು ಕಡಿದು ಇಳಿಜಾರು ಮಾಡೋಣ. ಸಡಿಲ ಮಣ್ಣಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಗೂಟ ಹೊಡೆದರೆ ಬೇರು ಬಿಡುವವರೆಗೆ ಅದು ಮಣ್ಣನ್ನು ಹಿಡಿಯುತ್ತದೆ, ಆಮೇಲೆ ತಾನೇ ಕೊಳೆತು ಗೊಬ್ಬರವಾಗುತ್ತದೆ.

ಗಿಡಗಳನ್ನು ಮೂರು ಪಟ್ಟಿಯಾಗಿ ನೆಡಬೇಕು. ನೀರು ನಿಲ್ಲುವ ಕಡೆ ಜೊಂಡು, ನೈದಿಲೆ. ನೀರು ಬಂದು ಹೋಗುವ ಕಡೆ ಲಾವಂಚ, ಬಜೆ, ಗರಿಕೆ, ಒಂದೆಲಗ, ನಮ್ಮ ಖಾಲಾಗೆ ಬೇಕಾದ ಹೊನಗೊನ್ನೆ. ಮೇಲಿನ ಒಣ ಭಾಗದಲ್ಲಿ ಲಕ್ಕಿ, ಹೊಂಗೆ, ನೇರಳೆ, ಹೊಳೆಮತ್ತಿ, ಅತ್ತಿ. ಇವೆಲ್ಲ ಈ ನೆಲದ್ದೇ ಗಿಡಗಳು. ಇಲ್ಲಿನ ಮಳೆ, ಇಲ್ಲಿನ ಬರ ಎರಡನ್ನೂ ಬಲ್ಲವು. ಇಲ್ಲಿನ ಹಕ್ಕಿ, ಚಿಟ್ಟೆಗಳಿಗೆ ಇವುಗಳ ಪರಿಚಯವಿದೆ. ಕೆರೆಯ ಆಚೆ ದಡದಲ್ಲಿ ಇನ್ನೂ ಉಳಿದಿರುವ ಮೆಳೆಗಳಿಂದಲೇ ಬುಡ ಒಡೆದು ತರಬಹುದು, ಸಸಿಗಳಿಗೆ ಅರಣ್ಯ ಇಲಾಖೆಯ ನರ್ಸರಿಯನ್ನು ಕೇಳಬಹುದು. ನೋಡಲು ಚೆಂದ ಎಂದು ಹೊರಗಿನ ಗಿಡ ತರಬೇಡಿ. ನೀರಿನ ಮೇಲೆ ನೇರಳೆ ಹೂ ಬಿಡುವ ಅಂತರಗಂಗೆ ದಕ್ಷಿಣ ಅಮೆರಿಕದಿಂದ ಬಂದದ್ದು, ಇಂದು ಎಷ್ಟೋ ಕೆರೆಗಳ ಉಸಿರು ಕಟ್ಟಿಸಿದೆ. ನಮ್ಮ ಕೆರೆಯ ಮೂಲೆಯಲ್ಲಿ ಅದು ಕಾಣಿಸಿಕೊಂಡಿದೆ, ಹರಡುವ ಮುಂಚೆ ತೆಗೆಯೋಣ. ಬಳ್ಳಾರಿ ಜಾಲಿಯದೂ ಅದೇ ಕಥೆ.

ನೆಡುವ ಕಾಲ ಮುಂಗಾರಿನ ಮೊದಲ ಮಳೆಯ ನಂತರ, ಕೆರೆ ತುಂಬುವ ಮೊದಲು. ಎರಡು ವರ್ಷ ಮೇಕೆ, ದನಗಳಿಂದ ಬೇಲಿ ಹಾಕಿ ಕಾಯಬೇಕು. ದನಗಳಿಗೆ ನೀರು ಕುಡಿಯಲು ಒಂದು ದಾರಿ ಬಿಡಲೇಬೇಕು, ಅದು ಅವುಗಳ ಹಕ್ಕು. ಜೊಂಡು ಅತಿಯಾಗಿ ಬೆಳೆದರೆ ವರ್ಷಕ್ಕೊಮ್ಮೆ ಒಂದು ಭಾಗವನ್ನು ಮಾತ್ರ ಕೊಯ್ದು ಹೊರಗೆ ಹಾಕಬೇಕು, ಬೇರು ಕೀಳಬಾರದು. ಏರಿಯ ಮೇಲೆ, ತೂಬು ಮತ್ತು ಕೋಡಿಯ ಹತ್ತಿರ ಮರ ನೆಡಲೇಬೇಡಿ. ಬೇರು ಏರಿಯನ್ನು ಸಡಿಲಗೊಳಿಸುತ್ತದೆ. ಇನ್ನು, ಕೆರೆ ಸರ್ಕಾರದ ವಶದಲ್ಲಿರುವುದರಿಂದ ಪಂಚಾಯಿತಿಗೆ ಮತ್ತು ಸಂಬಂಧಪಟ್ಟ ಇಲಾಖೆಗೆ ಅರ್ಜಿ ಕೊಟ್ಟು ಅನುಮತಿ ಪಡೆದೇ ಕೆಲಸ ಶುರು ಮಾಡಬೇಕು. ಊರಿನ ಎಲ್ಲ ಜಾತಿ, ಸಮುದಾಯದವರನ್ನೂ ಕರೆಯಬೇಕು.

ಗಿಡ ನೆಟ್ಟ ಮಾತ್ರಕ್ಕೆ ಸಾಲದು. ನಮ್ಮ ಮಸೀದಿಯ ವುಝೂ ನೀರು ಹೋಗುವ ಚರಂಡಿಗೆ ಸುತ್ತಲಿನ ಮನೆಗಳ ಕೊಳಚೆಯೂ ಸೇರಿ ಕೆರೆಗೆ ಹೋಗುತ್ತಿದೆ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿ(ಸ) ನಿಷೇಧಿಸಿದರು. ಆ ಹದೀಸನ್ನು ನಾವು ಮಕ್ಕಳಿಗೆ ಮದರಸಾದಲ್ಲಿ ಕಲಿಸುತ್ತೇವೆ, ಇಡೀ ಮೊಹಲ್ಲಾದ ಪಾಯಿಖಾನೆಯ ನೀರನ್ನು ಪೈಪ್ ಹಾಕಿ ಕೆರೆಗೆ ಬಿಡುತ್ತೇವೆ. ಬಕ್ರೀದ್‌ನ ಮರುದಿನ ಅಂಚಿನಲ್ಲಿ ಬಿದ್ದಿರುವುದನ್ನು ನೋಡಿದರೆ ತಲೆ ತಗ್ಗಿಸುವಂತಾಗುತ್ತದೆ. ಕುರ್ಬಾನಿ ಇಬಾದತ್. ಅದರ ತ್ಯಾಜ್ಯವನ್ನು ಗುಂಡಿ ತೋಡಿ ಹೂಳುವುದು ಆ ಇಬಾದತ್ತಿನ ಶಿಷ್ಟಾಚಾರ. ವುಝೂ ನೀರನ್ನಾದರೂ ಬೇರೆ ಮಾಡಿ ಮಸೀದಿಯ ಹಿಂದಿನ ಬಾಳೆ ಗುಂಡಿಗೆ ಬಿಡುವ ಕೆಲಸ ಈ ತಿಂಗಳೇ ಆಗಲಿ. ಪ್ರವಾದಿ(ಸ) ಒಂದು ಮುದ್ದ್ ಎಂಬ ಸಣ್ಣ ಅಳತೆಯ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಾವು ನಲ್ಲಿ ತಿರುಗಿಸಿಟ್ಟು ಮಾತಾಡುತ್ತಾ ನಿಲ್ಲುತ್ತೇವೆ.

ದಾನ ಮಾಡಲು ಮುಂದೆ ಬಂದ ಸಹೋದರರಿಗೆ ಒಂದು ಮಾತು. ತಂದೆಯ ಹೆಸರಿನಲ್ಲಿ ಗೋಡೆ ಕಟ್ಟಿಸಿದರೆ ಅದರ ಮೇಲೆ ಕಲ್ಲಿನ ಫಲಕ ಇರುತ್ತದೆ. ಗಿಡ ನೆಟ್ಟರೆ ಫಲಕ ಇರುವುದಿಲ್ಲ. ಆದರೆ ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಹಕ್ಕಿ ಏನು ತಿಂದರೂ ಅದು ಅವನ ಪಾಲಿಗೆ ಸದಖಾ ಎಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನೇರಳೆ ಹಣ್ಣು ತಿಂದ ಪ್ರತಿ ಗಿಳಿ, ಆ ಸೊಪ್ಪಿನ ಸಾರು ಉಂಡ ಪ್ರತಿ ಮನೆ ನಿಮ್ಮ ತಂದೆಯ ಲೆಕ್ಕಕ್ಕೆ ಸೇರುತ್ತದೆ. ಹಣ ನಿಮ್ಮದು, ತೀರ್ಮಾನವೂ ನಿಮ್ಮದು. ನಾನು ಒತ್ತಾಯಿಸುವುದಿಲ್ಲ, ಯೋಚಿಸಿ ಎಂದಷ್ಟೇ ಕೇಳುತ್ತೇನೆ.

6 ವರ್ಷದ ಹಿಂದೆ ಜೊಂಡು ಕಿತ್ತ ಯುವಕರೇ, ಆ ದಿನದ ನಿಮ್ಮ ಬೆವರಿನಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನ ಮಾತಿನಲ್ಲಿತ್ತು. ನಿಮ್ಮಲ್ಲಿ ಕೆಲವರಿಗೆ ಈಗ ಮಕ್ಕಳಿದ್ದಾರೆ. ಮಳೆ ಶುರುವಾದ ಮೇಲೆ ಬರುವ ಮೊದಲ ಭಾನುವಾರ ಫಜ್ರ್ ನಮಾಝಿನ ನಂತರ ಆ ಮಕ್ಕಳನ್ನೂ ಕರೆದುಕೊಂಡು ಕೆರೆಯ ಅಂಚಿಗೆ ಬನ್ನಿ. ನಾನು ಮೊದಲ ಗುಂಡಿ ತೋಡುತ್ತೇನೆ. ಆ ಮೀನುಗಾರ ಹಿರಿಯರ ಹತ್ತಿರ ನಾನು ಹೋಗಿ ಕ್ಷಮೆ ಕೇಳಿದ್ದೇನೆ. ಅವರು, "ಆಯ್ತು ಬಿಡಿ ಸಾಬ್ರೇ, ಜೊಂಡಿನ ಬುಡ ನಾನೇ ತಂದುಕೊಡ್ತೀನಿ" ಎಂದಿದ್ದಾರೆ. ಅಂತ್ಯದಿನ ಬಂದೇಬಿಟ್ಟರೂ ಕೈಯಲ್ಲಿರುವ ಸಸಿಯನ್ನು ಸಾಧ್ಯವಾದರೆ ನೆಟ್ಟುಬಿಡಿ ಎಂದು ಕಲಿಸಿದ ಪ್ರವಾದಿ(ಸ)ರ ಉಮ್ಮತ್ ನಾವು. ನಮ್ಮ ಮುಂದೆ ಇನ್ನೂ ಒಂದು ಮಳೆಗಾಲವಿದೆ.

ಓ ಅಲ್ಲಾಹ್, ತಿಳಿಯದೆ ಮಾಡಿದ ನಮ್ಮ ತಪ್ಪುಗಳನ್ನು ಕ್ಷಮಿಸು. ತಿಳಿದ ಮೇಲೆ ಸರಿಪಡಿಸುವ ಶಕ್ತಿ ಕೊಡು. ನಮ್ಮ ಕೆರೆಗೆ ಪ್ರಯೋಜನಕಾರಿ ಮಳೆ ಸುರಿಸು, ನಮ್ಮ ಊರಿನ ಎಲ್ಲ ಮನೆಗಳಲ್ಲಿ ಬರ್ಕತ್ ನೀಡು. ನಿನ್ನ ಅಮಾನತನ್ನು ನಾವು ಪಡೆದದ್ದಕ್ಕಿಂತ ಉತ್ತಮ ಸ್ಥಿತಿಯಲ್ಲಿ ನಮ್ಮ ಮಕ್ಕಳಿಗೆ ಒಪ್ಪಿಸುವ ತೌಫೀಕ್ ಕರುಣಿಸು. ಆಮೀನ್.